ಅಳಿವೆಯ ನೀರು ಖಾಲಿ ಇಲ್ಲ

ಇವರಿಗೆ,
ಜಿಲ್ಲಾಧಿಕಾರಿಗಳು, ಉತ್ತರ ಕನ್ನಡ ಜಿಲ್ಲೆ, ಕಾರವಾರ
ಹಾಗೂ
ರಾಜ್ಯ ಜೌಗು ಪ್ರದೇಶ ಪ್ರಾಧಿಕಾರದ ಸದಸ್ಯರು, ಬೆಂಗಳೂರು

ವಿಷಯ: ಅಘನಾಶಿನಿ ಅಳಿವೆಯ ಒಳಗೆ ಜೆಟ್ ಸ್ಕೀ (ನೀರಿನ ಮೇಲೆ ಬೈಕಿನಂತೆ ಕೂತು ಓಡಿಸುವ ಯಂತ್ರ) ಬರದಂತೆ ಮಾಡಿ, ಸಮುದ್ರದ ಕಡೆ ಅದಕ್ಕೆ ಗಡಿ ಗೊತ್ತು ಮಾಡುವ ಬಗ್ಗೆ

ಮಾನ್ಯರೇ,

ನಾನು ಕುಮಟಾ ತಾಲೂಕಿನವಳು, ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯ ದಂಡೆಯ ಊರಿನವಳು. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ಈಗ ನಿವೃತ್ತಳಾಗಿದ್ದೇನೆ. ನಮ್ಮ ಕಡೆ ಟೀಚರಿಗೆ ಅಕ್ಕೋರು ಅನ್ನುತ್ತಾರೆ. ಊರಲ್ಲಿ ಯಾರಿಗೇ ಅರ್ಜಿ ಬರೆಯಬೇಕಾದರೂ ಅಕ್ಕೋರ ಮನೆಗೆ ಬರುವುದು ರೂಢಿ. ಈ ಪತ್ರವೂ ಹಾಗೇ ಹುಟ್ಟಿದ್ದು. ಹೇಳಿ ಬರೆಸಿದವರು ಹೊಳೆಯಲ್ಲಿ ಬೆಳಚು ತೆಗೆಯುವ ಹೆಂಗಸರು. ಆದರೆ ಇದರಲ್ಲಿ ಇರುವುದು ನಾನೇ ದಂಡೆಯ ಮೇಲೆ ನಿಂತು ಕಂಡದ್ದು.

ಡಿಸೆಂಬರಿನ ಒಂದು ಭಾನುವಾರ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನೀರು ಚೆನ್ನಾಗಿ ಇಳಿದಿತ್ತು. ಅಳಿವೆಯ ಒಳಗಿನ ಮರಳು ದಿಬ್ಬ ಮೇಲೆದ್ದಿತ್ತು. ಅದರ ಅಂಚಿಗೆ 14 ಹೆಂಗಸರು, 3 ಗಂಡಸರು ನೀರಿಗೆ ಇಳಿದಿದ್ದರು. ಬೆಳಚು ಅಂದರೆ ಚಿಪ್ಪಿಕಲ್ಲು. ಅದನ್ನು ತೆಗೆಯುವುದನ್ನು ತಾವು ಹತ್ತಿರದಿಂದ ನೋಡಿರಲಿಕ್ಕಿಲ್ಲ, ಅದಕ್ಕೆ ಹೇಳುತ್ತೇನೆ. ಎದೆಮಟ್ಟದ ನೀರಲ್ಲಿ ನಿಂತು ಕಾಲಿನಿಂದ ಕೆಸರು ತಡಕಬೇಕು. ಕಾಲ್ಬೆರಳಿಗೆ ಗಟ್ಟಿಯಾಗಿ ಏನೋ ತಾಗಿದರೆ ಉಸಿರು ಹಿಡಿದು ಮುಳುಗಬೇಕು. ಎರಡೂ ಕೈಯಿಂದ ಬಾಚಿ ಮೇಲೆ ಬಂದು, ಸೊಂಟಕ್ಕೆ ಹಗ್ಗ ಕಟ್ಟಿ ತೇಲಿಬಿಟ್ಟ ಅಲ್ಯೂಮಿನಿಯಂ ಬೋಗುಣಿಗೆ ಹಾಕಬೇಕು. ಮತ್ತೆ ಮುಳುಗಬೇಕು. ಮೂರು ತಾಸು, ನಾಲ್ಕು ತಾಸು ಇದೇ ಕೆಲಸ. ನನ್ನ ಅವ್ವಿಯೂ ಇದೇ ಮಾಡಿ ನನಗೆ ಪಾಟಿ ಪುಸ್ತಕ ಕೊಡಿಸಿದವಳು. ದೂರದಿಂದ ನೋಡುವವರಿಗೆ ಕಾಣುವುದು ಬರೀ ತಲೆ. ಮುಳುಗಿದಾಗ ಅದೂ ಇಲ್ಲ. ನೀರಿನ ಮೇಲೆ ಒಂದು ಬೋಗುಣಿ, ಅಷ್ಟೇ.

ಸಮುದ್ರದ ಕಡೆಯಿಂದ ಎರಡು ಜೆಟ್ ಸ್ಕೀ ಒಳಗೆ ಬಂದವು. ಮೊದಲು ಎದ್ದದ್ದು ಹಕ್ಕಿಗಳು. ದಿಬ್ಬದ ಮೇಲೆ ಮೇಯುತ್ತಿದ್ದ ಹಿಂಡು ಒಂದೇ ಸಲಕ್ಕೆ ಹಾರಿತು. ಆಮೇಲೆ ಸದ್ದು ಕೇಳಿತು. ಆಮೇಲೆ ಅಲೆ ಬಂತು. ಯಂತ್ರಗಳು ದಿಬ್ಬವನ್ನು ಸುತ್ತಿ, ನೀರಲ್ಲಿದ್ದವರ ಪಕ್ಕದಿಂದಲೇ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಕಡೆ ಹೋದವು. ಬೋಗುಣಿಗಳು ಮಗುಚಿದವು. ಅದು ಎರಡು ತಾಸಿನ ದುಡಿಮೆ. ನನ್ನ ಕಣ್ಣು ಇದ್ದದ್ದು ಒಂದು ಬೋಗುಣಿಯ ಮೇಲೆ. ಅದರ ಹಗ್ಗ ನೀರಿನೊಳಗೆ ಹೋಗಿತ್ತು. ಹಗ್ಗದ ಆ ತುದಿಯಲ್ಲಿ ನನಗೆ ಗೊತ್ತಿರುವ ಹೆಂಗಸು ಮುಳುಗಿದ್ದಳು. ಯಂತ್ರ ಬೋಗುಣಿಯಿಂದ ನಾಲ್ಕೈದು ಮಾರು ದೂರದಲ್ಲಿ ಹಾದುಹೋಯಿತು. ಅವಳು ಎದ್ದದ್ದು ನೊರೆಯ ನಡುವೆ. ಏನಾಯಿತೆಂದು ಅವಳಿಗೆ ಗೊತ್ತೇ ಇಲ್ಲ. ಅಲೆಗೆ ಕಾಲು ತಪ್ಪಿ ಕಲ್ವಾ ಚಿಪ್ಪಿನ ಮೇಲೆ ಬಿದ್ದು ಹಿಮ್ಮಡಿ ಸೀಳಿತ್ತು. ದಂಡೆಗೆ ಬಂದು ಕೂತವಳು ನನ್ನ ಹತ್ತಿರ ಕೇಳಿದ್ದು ಒಂದೇ ಮಾತು: "ಅಕ್ಕೋರೇ, ಅವರಿಗೆ ನಾವು ಕಾಣ್ಲಿಲ್ವಾ?"

ಕಾಣಲಿಲ್ಲ ಅಂತಲೇ ನಾನು ನಂಬಿದ್ದೇನೆ. ಯಂತ್ರದ ಮೇಲೆ ಇದ್ದವರು ದೂರದ ಊರಿನಿಂದ ಬಂದ ಹುಡುಗರು. ಲೈಫ್ ಜಾಕೆಟ್ ಹಾಕಿದ್ದರು, ನಗುತ್ತಿದ್ದರು. ನಾನು ಕೈ ಬೀಸಿ ಕೂಗಿದರೆ ಅವರೂ ಕೈ ಬೀಸಿದರು. ಅವರಲ್ಲಿ ಕೆಟ್ಟತನ ಇರಲಿಲ್ಲ. ಅವರ ಕಣ್ಣಿಗೆ ಅಲ್ಲಿ ಅಗಲವಾದ, ಖಾಲಿ ನೀರು ಕಂಡಿತು. ಆ ನೀರು ಖಾಲಿ ಇಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದ ಒಂದು ಬೋರ್ಡು, ಗಡಿ ತೋರಿಸಲು ನೀರಲ್ಲಿ ತೇಲಿಬಿಡುವ ಒಂದು ಬೋಯೆ, ಒಬ್ಬ ಮನುಷ್ಯ ಅಳಿವೆಯ ಬಾಯಲ್ಲಿ ಇರಲಿಲ್ಲ. ನನ್ನ ದೂರು ಇರುವುದು ಇಲ್ಲಿ.

ಆ ಚಳಿಗಾಲದಲ್ಲಿ ನಾನು ಹೀಗೆ ಕಂಡದ್ದು ಮೂರು ಸಲ. ಮೂರು ಸಲ ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ಪ್ರವಾಸಿಗರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಗೋಕರ್ಣದ ಕಡಲತೀರಗಳಿಗೂ ಈ ಅಳಿವೆಗೂ ಎಷ್ಟು ದೂರ ಇದೆ? ವೇಗದ ಯಂತ್ರಕ್ಕೆ ಕೆಲವೇ ನಿಮಿಷ. ಸಮುದ್ರದಲ್ಲಿ ಅಲೆ ಜಾಸ್ತಿ ಇದ್ದ ದಿನ ಒಳಗಿನ ಶಾಂತ ನೀರು ಕರೆಯುತ್ತದೆ.

ಈ ಯಂತ್ರದ ಬಗ್ಗೆ ನಾನು ಸುಮ್ನೆ ಹೆದರಿ ಮಾತಾಡುತ್ತಿಲ್ಲ. ನನ್ನ ತಮ್ಮನ ಮಗ ಎರಡು ಸೀಸನ್ ಬೇರೆ ತಾಲೂಕಿನ ಬೀಚಿನಲ್ಲಿ ಜೆಟ್ ಸ್ಕೀ ಓಡಿಸಿದವನು. ಅವನನ್ನೇ ಕೂರಿಸಿಕೊಂಡು ಕೇಳಿದೆ. "ಅತ್ತೆ, ಅದಕ್ಕೆ ಚುಕ್ಕಾಣಿ ಇಲ್ಲ" ಅಂದ. ಅಡಿಯಿಂದ ನೀರು ಎಳೆದುಕೊಂಡು ಹಿಂದಿನಿಂದ ರಭಸವಾಗಿ ಬಿಡುತ್ತದೆ. ಆ ಚಿಮ್ಮುವ ನೀರೇ ಅದನ್ನು ಮುಂದೆ ತಳ್ಳುವುದು, ಅದೇ ತಿರುಗಿಸುವುದು. ಹಾಗಾಗಿ ಎಕ್ಸಲರೇಟರ್ ಬಿಟ್ಟರೆ ತಿರುಗಿಸುವ ಶಕ್ತಿಯೂ ಹೋಗುತ್ತದೆ. ಹೊಸ ಮಾದರಿ ಕೆಲವಕ್ಕೆ ಇದಕ್ಕೊಂದು ಉಪಾಯ ಮಾಡಿದ್ದಾರಂತೆ, ಹಳೆಯವಕ್ಕೆ ಇಲ್ಲ. ಹೊಸಬ ಏನು ಮಾಡುತ್ತಾನೆ? ಎದುರಿಗೆ ತಲೆ ಕಂಡ ಕೂಡಲೇ ಗಾಬರಿಯಲ್ಲಿ ಎಕ್ಸಲರೇಟರ್ ಬಿಡುತ್ತಾನೆ. ಹ್ಯಾಂಡಲ್ ಎಷ್ಟೇ ತಿರುಗಿಸಲಿ, ಯಂತ್ರ ನೇರ ಹೋಗುತ್ತದೆ. ಮೂವರು ಕೂರುವ ದೊಡ್ಡ ಯಂತ್ರ 300 ಕೆ.ಜಿ.ಗೂ ಹೆಚ್ಚು ತೂಗುತ್ತದೆ. ಶಕ್ತಿಯುತವಾದವು ಗಂಟೆಗೆ 100 ಕಿ.ಮೀ. ವೇಗ ಮುಟ್ಟುತ್ತವೆ. ನೀರಿನ ಮೇಲೆ ಬ್ರೇಕ್ ಹಾಕಿದ ಹಾಗೆ ನಿಲ್ಲಿಸಲು ರಸ್ತೆಯಲ್ಲಿ ಇದ್ದಂತಹ ಹಿಡಿತ ಎಲ್ಲಿಂದ ಬರಬೇಕು?

ಇನ್ನೊಂದು ಮಾತು ಅವನು ಹೇಳಿದ. ಕನಿಷ್ಠ ಎರಡು ಮೂರಡಿ ನೀರು ಇರುವಲ್ಲಿ ಮಾತ್ರ ಓಡಿಸಿ ಎಂದು ತಯಾರಕರೇ ಹೇಳುತ್ತಾರೆ, ಇಲ್ಲವಾದರೆ ಮರಳು ಕೆಸರು ಒಳಗೆ ಎಳೆದುಕೊಂಡು ಯಂತ್ರ ಹಾಳಾಗುತ್ತದೆ. ಆದರೆ ತೇಲಲು ಅದಕ್ಕೆ ಒಂದಡಿ ನೀರು ಸಾಕು. ಮೀನುಗಾರರ ಇಂಜಿನ್ ದೋಣಿ ಹೋಗದ ಜಾಗಕ್ಕೂ ಇದು ನುಗ್ಗುತ್ತದೆ. ಕಾಂಡ್ಲಾ ಬೇರುಗಳ ನಡುವಿನ ಸಣ್ಣ ಕೋಡಿಗೂ ಹೋಗುತ್ತದೆ. ಮೀನು, ಸಿಗಡಿ, ಏಡಿಯ ಮರಿಗಳು ಬೆಳೆಯುವುದು ಅಲ್ಲಿ.

ಬೆಳಚು ನೀರನ್ನು ಸೋಸಿ ಬದುಕುವ ಜೀವ. ನೀರಲ್ಲಿ ಏನಿದೆಯೋ ಅದು ಅದರ ಹೊಟ್ಟೆಗೆ, ಅಲ್ಲಿಂದ ನಮ್ಮ ಹೊಟ್ಟೆಗೆ. ಹಳೇ ಟು-ಸ್ಟ್ರೋಕ್ ಇಂಜಿನ್‌ಗಳಲ್ಲಿ ಹಾಕಿದ ಇಂಧನದ ಸುಮಾರು ಕಾಲು ಭಾಗ ಉರಿಯದೆ ಹಾಗೇ ಹೊರಗೆ ಹೋಗುತ್ತದೆ. ಈಗಿನ ಫೋರ್-ಸ್ಟ್ರೋಕ್ ಇಂಜಿನ್‌ಗಳು ಎಷ್ಟೋ ವಾಸಿ, ಅದನ್ನು ಒಪ್ಪುತ್ತೇನೆ. ನಮ್ಮ ನೀರಿಗೆ ಬರುವುದು ಯಾವ ಇಂಜಿನ್ ಎಂದು ಯಾರಾದರೂ ಬರೆದಿಟ್ಟಿದ್ದಾರಾ?

ನ್ಯಾಯವಾಗಿ ಇದನ್ನೂ ಹೇಳಬೇಕು. ಹೊಳೆಯಲ್ಲಿ ಬೆಳಚು ಮೊದಲಿನಷ್ಟು ಸಿಗುತ್ತಿಲ್ಲ, ಅದಕ್ಕೆ ಜೆಟ್ ಸ್ಕೀ ಕಾರಣ ಅಲ್ಲ. ನಮ್ಮವರೂ ಆಸೆಬಿದ್ದು ಮಿತಿ ಮೀರಿ ಬಾಚಿದ್ದಾರೆ. ಮೊದಲೇ ಸೊರಗಿದ ಹೊಳೆಗೆ ಇನ್ನೊಂದು ಭಾರ ಹೇರಬೇಡಿ ಎಂಬುದಷ್ಟೇ ನಮ್ಮ ಮಾತು.

ಈ ಹೊಳೆ ಎಂಥದ್ದು ಎಂದು ತಮಗೆ ಹೇಳಬೇಕಾಗಿಲ್ಲ. ಸಹ್ಯಾದ್ರಿಯಿಂದ ಇಳಿದು ಒಂದೂ ದೊಡ್ಡ ಅಣೆಕಟ್ಟು ಕಾಣದೆ ಕಡಲು ಸೇರುವ ನದಿ ಇದು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯನ್ನು ರಾಮ್ಸಾರ್ ತಾಣ, ಅಂದರೆ ಜಗತ್ತಿಗೇ ಮಹತ್ವದ ಜೌಗು ಪ್ರದೇಶ ಎಂದು ಸಾರಿದರು. ನಮ್ಮ ರಾಜ್ಯದ ಮಾಗಡಿ ಕೆರೆ, ಅಂಕಸಮುದ್ರಗಳ ಜೊತೆಗೆ. ನಮ್ಮ ಅಳಿವೆಯದೇ 4801 ಹೆಕ್ಟೇರ್. ಆಗ ಸರ್ಕಾರವೇ ಕೊಟ್ಟ ಲೆಕ್ಕ ಹೀಗಿದೆ: 6000ದಿಂದ 7500 ಕುಟುಂಬಗಳು ಈ ನೀರಿನ ಮೇಲೆ ಬದುಕುತ್ತವೆ. 66 ಜಾತಿಯ ನೀರುಹಕ್ಕಿಗಳು ಬರುತ್ತವೆ, ಎಣಿಸಿದರೆ 43,000ಕ್ಕೂ ಹೆಚ್ಚು. ಹಾವಕ್ಕಿ, ರೀವ, ಕಡಲಕ್ಕಿ ಎಲ್ಲ ಅದರಲ್ಲಿ ಸೇರಿವೆ. ಸಾಣಿಕಟ್ಟೆಯ ಉಪ್ಪಿನ ಆಗರ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಉಪ್ಪು ತಡೆದು ಬೆಳೆಯುವ ಕಗ್ಗ ಭತ್ತ, ಕಗ್ಗ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಹಿಡಿಯುವ ಮೀನು ಸಿಗಡಿ, ಎಲ್ಲವೂ ಈ ಉಪ್ಪು ಸಿಹಿ ಕೂಡಿದ ನೀರಿನದೇ.

ಹಕ್ಕಿಗಳ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ದಿಬ್ಬದ ಮೇಲೆ ಮೇಯುವ ಹಕ್ಕಿಗೆ ಊಟದ ಹೊತ್ತು ಇಳಿತದಲ್ಲಿ ಮಾತ್ರ. ಭರತ ಬಂತು ಅಂದರೆ ಎಲೆ ಎತ್ತಿದ ಹಾಗೆ. ಸಾವಿರಾರು ಕಿ.ಮೀ. ಹಾರಿ ಬಂದ ಹಕ್ಕಿ ಆ ಮೂರ್ನಾಲ್ಕು ತಾಸಿನಲ್ಲಿ ಎರಡು ಸಲ ಎದ್ದು ಹಾರಿದರೆ ಹೊಟ್ಟೆ ತುಂಬುವುದಿಲ್ಲ, ಇದ್ದ ಶಕ್ತಿಯೂ ಹೋಗುತ್ತದೆ. ಜನರನ್ನು ಹೊಳೆ ದಾಟಿಸುವ ತಾರಿ ದೋಣಿ ಓಡಾಡಿದರೆ ಅವು ಕದಲುವುದಿಲ್ಲ, ನಾನು ದಿನಾ ನೋಡುತ್ತೇನೆ. ಹುಟ್ಟು ಹಾಕುವ ಸಣ್ಣ ಪಾತಿದೋಣಿ ಪಕ್ಕದಲ್ಲೇ ಹೋದರೂ ಸುಮ್ಮನಿರುತ್ತವೆ. ದೋಣಿ ಒಂದೇ ದಾರಿಯಲ್ಲಿ, ಒಂದೇ ಸದ್ದಿನಲ್ಲಿ ಹೋಗುತ್ತದೆ. ಜೆಟ್ ಸ್ಕೀ ಸುತ್ತುತ್ತದೆ, ನೆಗೆಯುತ್ತದೆ, ನೆಗೆದಾಗಲೆಲ್ಲ ಸದ್ದು ಏರುತ್ತದೆ ಇಳಿಯುತ್ತದೆ. ಹಕ್ಕಿ ಮಾತ್ರ ಅಲ್ಲ, ತೊಟ್ಟಿಲಲ್ಲಿ ಮಲಗಿದ ಮಗುವೂ ಎದ್ದು ಅಳುತ್ತದೆ.

ರಾಮ್ಸಾರ್ ಬೋರ್ಡು ಬಂದಾಗ ಊರಲ್ಲಿ ಖುಷಿಪಟ್ಟವರಲ್ಲಿ ನಾನೂ ಒಬ್ಬಳು. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದ್ದೆ. ಅದೇ ಮಕ್ಕಳು ಈಗ ಕೇಳಿದರೆ ಏನು ಹೇಳಲಿ?

ದೂರು ಕೊಡಲು ಹೋದವರ ಕಥೆಯನ್ನು ಉದ್ದ ಮಾಡುವುದಿಲ್ಲ. ಒಂದು ಕಚೇರಿಯಲ್ಲಿ "ನೀರಿನ ಮೇಲಿನದು ನಮಗೆ ಬರುವುದಿಲ್ಲ" ಅಂದರು. ಇನ್ನೊಂದರಲ್ಲಿ "ಗಿಡ ಕಡಿದರೆ ಹೇಳಿ, ನೋಡೋಣ" ಅಂದರು. ಮತ್ತೊಂದರಲ್ಲಿ ಯಂತ್ರದ ನಂಬರ್ ಕೇಳಿದರು. ನೊರೆಯಲ್ಲಿ ಮುಳುಗಿದವಳು ನಂಬರ್ ಎಲ್ಲಿ ನೋಡಬೇಕು? ನಾನು ದಂಡೆಯಿಂದ ನೋಡಿದ್ದೆ, ದೂರಕ್ಕೆ ಕಾಣುವ ನಂಬರ್ ಅದರ ಮೈಮೇಲೆ ಇರಲಿಲ್ಲ. ಯಾರೂ ಒರಟಾಗಿ ಮಾತಾಡಲಿಲ್ಲ, ಕುರ್ಚಿ ಕೊಟ್ಟರು, ಚಾ ತರಿಸಿದರು. ಆದರೆ ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು ಹೋದ ಹೆಂಗಸರು ಬರಿಗೈಯಲ್ಲಿ ಬಂದರು.

ಕಾನೂನು ಇಲ್ಲ ಎಂದು ಮಾತ್ರ ಹೇಳಬೇಡಿ. 2017ರ ಜೌಗು ಪ್ರದೇಶ ಸಂರಕ್ಷಣೆ ಮತ್ತು ನಿರ್ವಹಣೆ ನಿಯಮಗಳು ರಾಮ್ಸಾರ್ ತಾಣಗಳಿಗೆ ಅನ್ವಯಿಸುತ್ತವೆ. ಜೌಗು ಪ್ರದೇಶದಲ್ಲಿ ಯಾವ ಚಟುವಟಿಕೆ ಬಿಡಬೇಕು, ಯಾವುದನ್ನು ಹತೋಟಿಯಲ್ಲಿ ಇಡಬೇಕು ಎಂದು ಪಟ್ಟಿ ಮಾಡುವ ಕೆಲಸವನ್ನು ಆ ನಿಯಮಗಳು ರಾಜ್ಯ ಪ್ರಾಧಿಕಾರಕ್ಕೇ ಕೊಟ್ಟಿವೆ. ಕಾಂಡ್ಲಾ ಕಾಡು 2019ರ ಕರಾವಳಿ ನಿಯಂತ್ರಣ ಅಧಿಸೂಚನೆಯಲ್ಲಿ ಅತಿ ಹೆಚ್ಚು ರಕ್ಷಣೆಯ ವರ್ಗದಲ್ಲಿದೆ. ಒಳನಾಡಿನ ನೀರಲ್ಲಿ ಓಡುವ ಇಂಜಿನ್ ದೋಣಿಗಳ ನೋಂದಣಿ, ತಪಾಸಣೆಗೆ 2021ರ ಕಾಯ್ದೆ ಇದೆ. ಅಷ್ಟೇಕೆ, ಮಳೆಗಾಲ ಬಂತೆಂದರೆ ಇಡೀ ಕರಾವಳಿಯಲ್ಲಿ ಜಲಕ್ರೀಡೆಗೆ ಪ್ರತಿವರ್ಷ ತಡೆ ಬೀಳುತ್ತದೆ, ಎಲ್ಲರೂ ಪಾಲಿಸುತ್ತಾರೆ. ಕಾಲಕ್ಕೆ ಗಡಿ ಹಾಕಲು ಆಗುತ್ತದೆ ಅಂದಮೇಲೆ ಜಾಗಕ್ಕೂ ಹಾಕಬಹುದು ಅಲ್ವಾ?

ನಮ್ಮ ರಾಜ್ಯದ ಮೊದಲ ರಾಮ್ಸಾರ್ ತಾಣ ರಂಗನತಿಟ್ಟು. ಅಲ್ಲಿ ಪ್ರವಾಸಿಗರನ್ನು ಹಕ್ಕಿಗಳ ಹತ್ತಿರ ಕರೆದೊಯ್ಯುವುದು ಹುಟ್ಟು ಹಾಕುವ ದೋಣಿಯಲ್ಲಿ. ಜನ ಸಾಲು ನಿಂತು ಹತ್ತುತ್ತಾರೆ. ಸದ್ದಿಲ್ಲದೆ ಹೋಗುವುದೇ ಅಲ್ಲಿನ ಸೊಗಸು. ಕಾವೇರಿಯಲ್ಲಿ ನಡೆದದ್ದು ಅಘನಾಶಿನಿಯಲ್ಲಿ ಯಾಕೆ ನಡೆಯಬಾರದು?

ಹೊರಗಿನ ಒಂದು ಉದಾಹರಣೆಯೂ ಇದೆ. ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು ಅಮೆರಿಕದ ಸಿಯಾಟಲ್‌ನಲ್ಲಿದ್ದಾಳೆ. ಫೋನಿನಲ್ಲಿ ಈ ಸಂಗತಿ ಹೇಳಿದಾಗ ಅವಳು ತನ್ನ ಊರಿನ ಹತ್ತಿರದ ಸ್ಯಾನ್ ವಾನ್ ದ್ವೀಪಗಳ ಕಥೆ ಹೇಳಿದಳು. 1996ರಲ್ಲೇ ಅಲ್ಲಿನ ಸ್ಥಳೀಯ ಆಡಳಿತ ತನ್ನ ಸುತ್ತಲ ನೀರಲ್ಲಿ ಜೆಟ್ ಸ್ಕೀ ನಿಷೇಧಿಸಿತು. ಬಾಡಿಗೆಗೆ ಕೊಡುವವರೂ ಓಡಿಸುವವರೂ ಕೋರ್ಟಿಗೆ ಹೋದರು. ಬೇರೆ ದೋಣಿಗಳನ್ನು ಬಿಟ್ಟು ಇದೊಂದನ್ನೇ ಯಾಕೆ ಹಿಡಿದಿರಿ ಎಂದು ವಾದ ಮಾಡಿದರು. 1998ರಲ್ಲಿ ವಾಷಿಂಗ್ಟನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ ನಿಷೇಧವನ್ನು ಎತ್ತಿಹಿಡಿಯಿತು. ಆಮೇಲೆ 2000ದಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆ 21 ಜಾಗ ಬಿಟ್ಟು ಉಳಿದೆಲ್ಲ ಕಡೆ ಜೆಟ್ ಸ್ಕೀಗೆ ಬಾಗಿಲು ಮುಚ್ಚಿತು. ಆ 21 ಕಡೆಗೂ, ಒಂದೊಂದು ಜಾಗದ ಪರಿಸರ ನೋಡಿ ಬೇರೆ ಬೇರೆ ನಿಯಮ ಮಾಡಿದ ಮೇಲಷ್ಟೇ ಬಿಡಬೇಕು ಎಂದು ಮರುವರ್ಷ ಕೋರ್ಟಿನಲ್ಲಿ ತೀರ್ಮಾನ ಆಯಿತು. ಈ ಯಂತ್ರ ಹೆಚ್ಚು ಓಡುವ ದೇಶ ಅದು. ಅವರೇ ಮೊದಲು ಜಾಗ ನೋಡಿ, ಆಮೇಲೆ ಬಿಟ್ಟರು. ನಮ್ಮಲ್ಲಿ ಮೊದಲು ಬಿಟ್ಟಾಗಿದೆ, ಜಾಗ ನೋಡುವುದು ಬಾಕಿ.

ಜಲಕ್ರೀಡೆಯಿಂದ ಹೊಟ್ಟೆ ಹೊರೆಯುವ ನಮ್ಮ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರಲ್ಲಿ ಅರ್ಧಕ್ಕರ್ಧ ನಮ್ಮ ಶಾಲೆಯಲ್ಲೇ ಅ ಆ ಕಲಿತವರು. ಮೀನುಗಾರ ಹರಿಕಂತ್ರರ ಮನೆಯ ಮಗ ಸಮುದ್ರದಲ್ಲಿ ಜೆಟ್ ಸ್ಕೀ ಓಡಿಸುತ್ತಾನೆ, ಅವನ ಅವ್ವಿ ಹೊಳೆಯಲ್ಲಿ ಬೆಳಚು ತೆಗೆಯುತ್ತಾಳೆ. ಇಬ್ಬರ ದುಡಿಮೆಯೂ ಒಂದೇ ಮನೆಯ ಒಲೆಗೆ ಹೋಗುತ್ತದೆ. ಇಬ್ಬರಿಗೂ ಜಾಗ ಇದೆ. ಒಂದೇ ಜಾಗದಲ್ಲಿ ಇಬ್ಬರೂ ಇರಲು ಆಗುವುದಿಲ್ಲ, ಅಷ್ಟೇ.

ಆದ್ದರಿಂದ ಕೇಳಿಕೊಳ್ಳುವುದು ಇಷ್ಟು. ತದಡಿಯಿಂದ ಅಘನಾಶಿನಿ ಊರಿಗೆ ಒಂದು ಗೆರೆ ಎಳೆಯಿರಿ. ಆ ಗೆರೆಯಿಂದ ಒಳಗೆ, ಹೆದ್ದಾರಿ ಸೇತುವೆಯವರೆಗೂ, ಮನರಂಜನೆಯ ಜೆಟ್ ಸ್ಕೀ ಬರಬಾರದು ಎಂದು ಆದೇಶ ಮಾಡಿ. ವರ್ಷಪೂರ್ತಿ. ಬರೀ ರಜಾ ದಿನಗಳಿಗೆ ಬೇಡ, ಬೆಳಚು ತೆಗೆಯುವವರಿಗೆ ರಜೆ ಇಲ್ಲ. ಜೀವ ಉಳಿಸಲು ಬರುವ ಯಂತ್ರಕ್ಕೆ, ಪೊಲೀಸರಿಗೆ ತಡೆ ಬೇಡ. ಪ್ರಾಧಿಕಾರದವರು ಇದನ್ನು ತಮ್ಮ ಪಟ್ಟಿಯಲ್ಲಿ ಸೇರಿಸಲಿ, ಆಗ ಅಧಿಕಾರಿಗಳು ಬದಲಾದರೂ ಆದೇಶ ಉಳಿಯುತ್ತದೆ.

ಸಮುದ್ರದ ಕಡೆ ಓಡಿಸುವಲ್ಲಿ ಬೋಯೆ ಕಟ್ಟಿ ದಾರಿ ಗುರುತು ಮಾಡಿ. ಪ್ರತಿ ಯಂತ್ರಕ್ಕೆ ದಂಡೆಯಿಂದ ಓದಲು ಬರುವಷ್ಟು ದೊಡ್ಡ ನಂಬರ್ ಬರೆಸಿ. ಪ್ರವಾಸಿಗನ ಕೈಗೆ ಹ್ಯಾಂಡಲ್ ಕೊಟ್ಟು ಕಳಿಸುವುದು ನಿಲ್ಲಲಿ, ತರಬೇತಿ ಪಡೆದವನೇ ಓಡಿಸಲಿ. ಗೋವಾದಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ, ಇಲ್ಲಿಂದ ದೂರವೇನಲ್ಲ. ನಮ್ಮ ಹುಡುಗರನ್ನು ಸರ್ಕಾರದ ಖರ್ಚಿನಲ್ಲಿ ಅಲ್ಲಿಗೆ ಕಳಿಸಿ. ಕಾಂಡ್ಲಾ ನೋಡಲು ಬರುವವರನ್ನು ಪಾತಿದೋಣಿಯಲ್ಲಿ ಕರೆದೊಯ್ಯುವ ಕೆಲಸವನ್ನು ಹೊಳೆಯ ಎರಡೂ ದಂಡೆಯ ಊರಿನವರಿಗೆ ಕೊಡಿ. ಹುಟ್ಟು ಹಾಕಲು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಮತ್ತೆ ದೂರು ಹೇಳಲು ಒಂದೇ ಫೋನ್ ನಂಬರ್, ಒಬ್ಬರೇ ಅಧಿಕಾರಿ. ಆ ನಂಬರನ್ನು ತಾರಿ ಕಟ್ಟೆಯ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಿ.

ಆದೇಶ ಮಾಡುವ ಮುಂಚೆ ಒಮ್ಮೆ ಊರಿಗೆ ಬನ್ನಿ. ಬೆಳಚು ತೆಗೆಯುವವರು, ಬಲೆ ಬೀಸುವವರು, ಗಜನಿ ರೈತರು, ತಾರಿ ನಡೆಸುವವರು, ಜೆಟ್ ಸ್ಕೀ ಹುಡುಗರು, ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕೇಳಿ. ಶಾಲೆಯ ಜಗುಲಿ ಇದೆ, ಚಾಪೆ ನಾನು ಹಾಕಿಸುತ್ತೇನೆ. ದಿನ ಗೊತ್ತು ಮಾಡುವಾಗ ಮಾತ್ರ ದಯವಿಟ್ಟು ಭರತ ಇಳಿತದ ಹೊತ್ತು ನೋಡಿ. ಹಿಂದೊಮ್ಮೆ ಬೇರೆ ಯಾವುದೋ ವಿಷಯಕ್ಕೆ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದಿದ್ದರು. ಅವತ್ತು ಹನ್ನೊಂದಕ್ಕೆ ಇಳಿತ ಇತ್ತು. ಬಂದವರು ಹೊಳೆಗೆ ಇಳಿಯದವರು ಮಾತ್ರ. ಮಾತಾಡಬೇಕಾದವರೆಲ್ಲ ನೀರಿನಲ್ಲಿದ್ದರು.

ಇಂತಿ ತಮ್ಮ ವಿಶ್ವಾಸಿ,
ಅಘನಾಶಿನಿ ದಂಡೆಯ ಒಬ್ಬ ನಿವೃತ್ತ ಶಿಕ್ಷಕಿ
ಕುಮಟಾ ತಾಲೂಕು, ಉತ್ತರ ಕನ್ನಡ